ನಾಯಿ ತಳಿಗಳ ಸಚಿತ್ರ ಪುಸ್ತಕ ಕೈಯಲ್ಲಿದೆ, ಇನ್ನು ಓದುವುದು ಹೇಗೆ?

"ನಮ್ಮ ಮನೆಗೆ ಯಾವ ತಳಿ ಸರಿ ಹೋಗುತ್ತದೆ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಹಲವರ ಮನೆಯಲ್ಲಿ ಆಗಲೇ ಒಂದು ದಪ್ಪ ಪುಸ್ತಕ ಇರುತ್ತದೆ. ಜಗತ್ತಿನ ನಾಯಿ ತಳಿಗಳೆಲ್ಲ ಬಣ್ಣದ ಚಿತ್ರಗಳ ಜೊತೆ ಇರುವ ಕೈಪಿಡಿ. ಮಕ್ಕಳು ಪುಟ ತಿರುಗಿಸಿ, ಯಾವುದೋ ಒಂದು ಚಿತ್ರದ ಮೇಲೆ ಬೆರಳಿಟ್ಟು "ಇದೇ ಬೇಕು" ಎಂದಿರುತ್ತಾರೆ. ದೊಡ್ಡವರಿಗೂ ಅದು ಹಿಡಿಸಿರುತ್ತದೆ. ನನ್ನನ್ನು ಕೇಳುವುದು ಅದಾದ ಮೇಲೆ.

ಇಂಥ ಪುಸ್ತಕ ನಿಜಕ್ಕೂ ಉಪಯೋಗದ್ದು. ಆದರೆ ಅದನ್ನು ಓದುವ ಕ್ರಮ ಬೇರೆ. ಚಿತ್ರವನ್ನು ಕೊನೆಗೆ ನೋಡಬೇಕು. ಆ ನಾಯಿಯನ್ನು ಯಾವ ಕೆಲಸಕ್ಕೆಂದು ಬೆಳೆಸಿದರು ಎನ್ನುವ ಸಾಲನ್ನು ಮೊದಲು ಓದಬೇಕು. ಹೆಚ್ಚಿನ ಪುಸ್ತಕಗಳಲ್ಲಿ ಈ ಸಾಲು ಚಿಕ್ಕ ಅಕ್ಷರದಲ್ಲಿ, ಪುಟದ ಮೂಲೆಯಲ್ಲಿ ಇರುತ್ತದೆ. ನಾಳೆ ನಿಮ್ಮ ಸೋಫಾ, ನಿಮ್ಮ ತೋಟ, ನಿಮ್ಮ ಪಕ್ಕದ ಮನೆಯವರ ನಿದ್ದೆ ಏನಾಗಬಹುದು ಎಂದು ಹೇಳುವುದು ಆ ಸಾಲೇ.

ನಿಮಗೆ ಬೇಕಾದದ್ದು ಇಷ್ಟು: ಒಂದು ತಳಿ ಪುಸ್ತಕ, ಒಂದು ನೋಟ್‌ಬುಕ್, ಒಂದು ಅಳತೆ ಟೇಪು, ಮತ್ತೆ ಎರಡು ಮೂರು ವಾರಗಳ ತಾಳ್ಮೆ. ಈ ವಾರಗಳಲ್ಲಿ ಯಾರಿಗೂ ಮುಂಗಡ ಹಣ ಕೊಡಬೇಡಿ.

ಹಂತ 1: ಪುಸ್ತಕ ಯಾರ ಲೆಕ್ಕ ಹಿಡಿದಿದೆ ಎಂದು ನೋಡಿ

ಮೊದಲ ಪುಟಗಳಲ್ಲಿ ಮುದ್ರಣದ ವರ್ಷ ಇರುತ್ತದೆ. ಅದನ್ನು ಬರೆದುಕೊಳ್ಳಿ. ಆಮೇಲೆ ಪುಸ್ತಕ ಯಾವ ಕೆನಲ್ ಕ್ಲಬ್‌ನ ಪಟ್ಟಿ ಹಿಡಿದಿದೆ ಎಂದು ಹುಡುಕಿ. ಕೆನಲ್ ಕ್ಲಬ್ ಎಂದರೆ ತಳಿಗಳ ದಾಖಲೆ ಇಡುವ, ಯಾವುದು ತಳಿ ಯಾವುದು ಅಲ್ಲ ಎಂದು ತೀರ್ಮಾನಿಸುವ ಸಂಸ್ಥೆ. ಬ್ರಿಟನ್ನಿನ ಕೆನಲ್ ಕ್ಲಬ್ ಶುರುವಾದದ್ದು 1873ರಲ್ಲಿ. ಅಮೆರಿಕದ್ದು 1884ರಲ್ಲಿ. ಬೇರೆ ಬೇರೆ ದೇಶಗಳ ಕ್ಲಬ್‌ಗಳು ಸೇರಿಕೊಂಡಿರುವ ಎಫ್‌ಸಿಐ ಎಂಬ ಒಕ್ಕೂಟ 1911ರಲ್ಲಿ ಹುಟ್ಟಿತು, ಅದರ ಕಚೇರಿ ಬೆಲ್ಜಿಯಂನಲ್ಲಿದೆ. ನಮ್ಮಲ್ಲಿ ಕೆನಲ್ ಕ್ಲಬ್ ಆಫ್ ಇಂಡಿಯಾ ಇದೆ, ಅದರ ಕಚೇರಿ ಚೆನ್ನೈಯಲ್ಲಿ.

"ಒಂದು ಪುಸ್ತಕದಲ್ಲಿ 200 ತಳಿ ಇದೆ, ಇನ್ನೊಂದರಲ್ಲಿ 350 ಇದೆ, ಯಾವುದು ಸರಿ?" ಎಂದು ತುಂಬ ಜನ ಕೇಳುತ್ತಾರೆ. ಎರಡೂ ಸರಿ. ಎಫ್‌ಸಿಐ ಪಟ್ಟಿಯಲ್ಲಿ 350ಕ್ಕೂ ಹೆಚ್ಚು ತಳಿಗಳಿವೆ. ಅಮೆರಿಕದ ಪಟ್ಟಿಯಲ್ಲಿ ಸುಮಾರು 200. ಎಣಿಸುವ ರೀತಿಯೂ ಬೇರೆ. ಬೆಲ್ಜಿಯನ್ ಶೆಫರ್ಡ್ ಅನ್ನು ಎಫ್‌ಸಿಐ ಒಂದೇ ತಳಿ, ನಾಲ್ಕು ಬಗೆ ಎನ್ನುತ್ತದೆ. ಅಮೆರಿಕದ ಕ್ಲಬ್ ಅದನ್ನೇ ಬೇರೆ ಬೇರೆ ತಳಿಗಳೆಂದು ಲೆಕ್ಕ ಹಾಕುತ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಸಂಖ್ಯೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಎಚ್ಚರ: ಪುಸ್ತಕದಲ್ಲಿ ಇಲ್ಲದ ನಾಯಿ ತಳಿಯೇ ಅಲ್ಲ ಎಂದುಕೊಳ್ಳಬೇಡಿ. ನಮ್ಮ ಮುಧೋಳ ನಾಯಿಗೆ ಎಫ್‌ಸಿಐ ಮಾನ್ಯತೆ ಇಲ್ಲ. ಹಾಗಾಗಿ ಹೊರದೇಶದ ಎಷ್ಟೋ ಪುಸ್ತಕಗಳಲ್ಲಿ ಅದು ಇರುವುದೇ ಇಲ್ಲ, ಇದ್ದರೂ ಎರಡು ಸಾಲು. ಅಷ್ಟೇ ಅಲ್ಲ, ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಕ್ಯಾರವಾನ್ ಹೌಂಡ್ ಎಂಬ ಹೆಸರಲ್ಲಿ ದಾಖಲಿಸುತ್ತದೆ. ಪುಸ್ತಕದ ಹಿಂದಿನ ಅಕಾರಾದಿ ಪಟ್ಟಿಯಲ್ಲಿ "ಮುಧೋಳ" ಸಿಗದಿದ್ದರೆ ಆ ಹೆಸರಲ್ಲಿ ಹುಡುಕಿ. ನಮ್ಮ ಅಂಚೆ ಇಲಾಖೆ 2005ರಲ್ಲೇ ಅಂಚೆಚೀಟಿ ತಂದ ನಾಯಿ ಇದು. ಪುಸ್ತಕದಲ್ಲಿ ಜಾಗ ಸಿಗದಿದ್ದರೆ ಅದು ಪುಸ್ತಕದ ಕೊರತೆ.

ಹಂತ 2: ಗುಂಪು ಹಿಡಿದು ಓದಿ, ಅಂದರೆ ಕೆಲಸ ಹಿಡಿದು ಓದಿ

ಇದೇ ಮುಖ್ಯ ಹಂತ. ಇಲ್ಲಿ ಅವಸರ ಬೇಡ.

ಎಫ್‌ಸಿಐ ತಳಿಗಳನ್ನು 10 ಗುಂಪು ಮಾಡಿದೆ. ಬ್ರಿಟನ್ ಮತ್ತು ಅಮೆರಿಕದ ಕ್ಲಬ್‌ಗಳು 7 ಗುಂಪು ಮಾಡಿವೆ. ಹೆಸರುಗಳು ಬೇರೆಯಾದರೂ ಅಡಿಪಾಯ ಒಂದೇ: ಈ ನಾಯಿ ಮನುಷ್ಯನಿಗೆ ಏನು ಮಾಡಿಕೊಡುತ್ತಿತ್ತು? ಕುರಿ ಕಾಯುತ್ತಿತ್ತೇ, ಬೇಟೆಯನ್ನು ಅಟ್ಟುತ್ತಿತ್ತೇ, ಬಿಲ ಅಗೆಯುತ್ತಿತ್ತೇ, ಮಡಿಲಲ್ಲಿ ಕೂರುತ್ತಿತ್ತೇ? ನೂರಾರು ವರ್ಷ ಆ ಕೆಲಸ ಚೆನ್ನಾಗಿ ಮಾಡಿದ ನಾಯಿಗಳಿಂದಲೇ ಮರಿ ಮಾಡಿಸಿದ್ದಾರೆ. ನಿಮ್ಮ ಮನೆಗೆ ಬಂದ ತಕ್ಷಣ ಆ ಹಂಬಲ ಹೋಗುವುದಿಲ್ಲ.

ಕುರಿ ಕಾಯುವ ನಾಯಿಗಳಿಂದ ಶುರು ಮಾಡೋಣ. ಜರ್ಮನ್ ಶೆಫರ್ಡ್ ಎಂದರೆ ನಮಗೆ ಪೊಲೀಸ್ ನಾಯಿ. ಆದರೆ ಹೆಸರಲ್ಲೇ ಕುರುಬ ಇದ್ದಾನೆ. ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಜರ್ಮನ್ ಅಧಿಕಾರಿ 1899ರಲ್ಲಿ ಕುರಿ ಕಾಯುವ ನಾಯಿಯೊಂದನ್ನು ಕೊಂಡು, ಅದನ್ನೇ ಮೊದಲ ನಾಯಿಯೆಂದು ದಾಖಲಿಸಿ ಈ ತಳಿ ಕಟ್ಟಿದರು. ಅಲ್ಲಿ ಬೇಲಿ ಇಲ್ಲದ ಹೊಲಗಳ ಪಕ್ಕದಲ್ಲೇ ಕುರಿ ಮೇಯಿಸಬೇಕಿತ್ತು. ಬೆಳೆಗೆ ಕುರಿ ಬಾಯಿ ಹಾಕದಂತೆ ನಾಯಿ ದಿನವಿಡೀ ಆ ಗೆರೆಯುದ್ದಕ್ಕೂ ಓಡಾಡುತ್ತಿತ್ತು. ಅದೇ ಒಂದು ನಡೆದಾಡುವ ಬೇಲಿ. ಈಗ ನಿಮ್ಮ ಸೈಟಿನ ಕಾಂಪೌಂಡ್ ನೆನೆಸಿಕೊಳ್ಳಿ. ಗೋಡೆಯುದ್ದಕ್ಕೂ ಅದು ಹಿಂದೆ ಮುಂದೆ ಓಡುವುದು, ಗೆರೆ ದಾಟಿದವರನ್ನೆಲ್ಲ ಬೊಗಳುವುದು ಯಾಕೆಂದು ಅರ್ಥವಾಯಿತಲ್ವಾ? ಅದಕ್ಕೆ ನಡೆದಾಟ ಬೇಕು, ಕೆಲಸ ಬೇಕು. ಕಟ್ಟಿಹಾಕಿದರೆ ಕೊರಗುತ್ತದೆ, ಇಲ್ಲವೇ ಕೆರಳುತ್ತದೆ. ಬಾರ್ಡರ್ ಕಾಲಿಯಂಥ ನಾಯಿಗಳೂ ಹೀಗೆಯೇ. ಕುರಿ ಸಿಗದಿದ್ದರೆ ಸೈಕಲ್ಲು, ಸ್ಕೂಟರು, ಓಡುವ ಮಕ್ಕಳು. ಹಿಮ್ಮಡಿ ಹತ್ತಿರ ಬಾಯಿ ಹಾಕಿ ತಿರುಗಿಸಲು ನೋಡುತ್ತವೆ.

ಮಂದೆ ಕಾಯುವ ಇನ್ನೊಂದು ಬಗೆ ಇದೆ. ಟಿಬೆಟನ್ ಮ್ಯಾಸ್ಟಿಫ್, ಹಿಮಾಲಯದ ಕುರಿ ನಾಯಿ, ಟರ್ಕಿಯ ಕಂಗಾಲ್. ಇವು ಕುರಿಯನ್ನು ಓಡಿಸುವುದಿಲ್ಲ. ತೋಳ ಬಂದರೆ ತಡೆಯುತ್ತವೆ. ರಾತ್ರಿ ಒಬ್ಬಂಟಿಯಾಗಿ, ಯಾರ ಆಜ್ಞೆಗೂ ಕಾಯದೆ ತಾವೇ ತೀರ್ಮಾನ ಮಾಡುತ್ತವೆ. ನಗರದ ಬೀದಿಯಲ್ಲಿ ಇಂಥ ನಾಯಿ ಸಾಕುವುದು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರಿಟ್ರೀವರ್ ಎಂದರೆ ತಂದುಕೊಡುವ ನಾಯಿ. ಬೇಟೆಗಾರ ಹೊಡೆದ ಹಕ್ಕಿಯನ್ನು ಕೆರೆಯಿಂದ, ಪೊದೆಯಿಂದ ಬಾಯಲ್ಲಿ ಕಚ್ಚಿ, ಹಲ್ಲು ನಾಟದಂತೆ ತಂದು ಕೈಗಿಡುವುದು ಇದರ ಕೆಲಸ. ಲ್ಯಾಬ್ರಡಾರ್‌ನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ಜೊತೆ ಇದ್ದ ನಾಯಿಗಳು. ಬ್ರಿಟನ್ನಿಗೆ ಬಂದ ಮೇಲೆ ಹಕ್ಕಿ ಬೇಟೆಗೆ ಪಳಗಿದವು. ಗೋಲ್ಡನ್ ರಿಟ್ರೀವರ್ ಸ್ಕಾಟ್ಲೆಂಡಿನದ್ದು, ಅದರ ಮೊದಲ ಮರಿಗಳ ದಾಖಲೆ 1868ರದ್ದು. ಇಡೀ ದಿನ ಮನುಷ್ಯನ ಜೊತೆ ಹೊಂದಿಕೊಂಡು ಕೆಲಸ ಮಾಡಿದ ನಾಯಿಗಳಾದ್ದರಿಂದ ಮಾತು ಕೇಳುತ್ತವೆ, ಮನೆಗೆ ಬೇಗ ಒಗ್ಗುತ್ತವೆ. ಚಪ್ಪಲಿ, ಟವೆಲ್ಲು, ಪೇಪರು ಎಲ್ಲ ಬಾಯಲ್ಲೇ ಇರುತ್ತವೆ. ಬೈಯಬೇಡಿ. ಒಂದು ಚೆಂಡು ಕೊಡಿ, ತರುವುದನ್ನು ಕಲಿಸಿ.

ಟೆರಿಯರ್ ಎನ್ನುವ ಪದ ಭೂಮಿ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಬಿಲದೊಳಗೆ ನುಗ್ಗಿ ನರಿ, ಹೆಗ್ಗಣ ಹಿಡಿಯುವ ನಾಯಿ. ಹೂಕುಂಡ ಇಟ್ಟುಕೊಂಡವರು ಇದನ್ನು ಎರಡು ಸಲ ಓದಿ. ನಾವು ಡ್ಯಾಶ್‌ಹೌಂಡ್ ಎನ್ನುವ ಡಾಕ್ಸ್‌ಹುಂಡ್ ಕೂಡ ಬಿಲದ ನಾಯಿಯೇ. ಡಾಕ್ಸ್ ಎಂದರೆ ಜರ್ಮನ್ ಭಾಷೆಯಲ್ಲಿ ಬ್ಯಾಜರ್, ನೆಲದೊಳಗೆ ಬಿಲ ತೋಡಿ ಬದುಕುವ ಪ್ರಾಣಿ. ಗಿಡ್ಡ ಕಾಲು, ಉದ್ದ ಬೆನ್ನು, ಮೈಗೆ ಮೀರಿದ ದೊಡ್ಡ ದನಿ, ಎಲ್ಲವೂ ಬಿಲದ ಕೆಲಸಕ್ಕೆ ಬಂದದ್ದು. ಎಫ್‌ಸಿಐ ಇದೊಂದೇ ತಳಿಗೆ ಒಂದು ಇಡೀ ಗುಂಪು ಕೊಟ್ಟಿದೆ.

ಬೇಟೆ ನಾಯಿಗಳಲ್ಲಿ ಎರಡು ದಾರಿ. ಸೆಂಟ್‌ಹೌಂಡ್ ಎಂದರೆ ಮೂಗು ನಂಬಿ ಹೋಗುವ ನಾಯಿ. ಬೀಗಲ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊಲದ ವಾಸನೆ ಹಿಡಿದು ಹೋಗುವಾಗ ಹಿಂದೆ ನಡೆದು ಬರುವ ಬೇಟೆಗಾರನಿಗೆ ಕೇಳಲಿ ಎಂದು ಉದ್ದಕ್ಕೆ ಕೂಗುತ್ತಿತ್ತು. ಫ್ಲ್ಯಾಟ್‌ನಲ್ಲಿ ಒಂಟಿಯಾಗಿ ಬಿಟ್ಟು ಹೋದರೆ ಅದೇ ಕೂಗು ಮೂರು ಮಹಡಿಗೆ ಕೇಳಿಸುತ್ತದೆ. ಸೈಟ್‌ಹೌಂಡ್ ಎಂದರೆ ಕಣ್ಣು ನಂಬಿ ಓಡುವ ನಾಯಿ. ಗ್ರೇಹೌಂಡ್, ಸಲೂಕಿ, ತಮಿಳುನಾಡಿನ ಚಿಪ್ಪಿಪಾರೈ, ನಮ್ಮ ಮುಧೋಳ ಎಲ್ಲ ಈ ಬಗೆ. ದಖ್ಖನ್ನಿನ ಬಯಲಲ್ಲಿ ಮೊಲ ಕಂಡೊಡನೆ ಬಾಣದಂತೆ ಹೋಗುವ ಮೈ ಅದು. ಮನೆಯೊಳಗೆ ಗದ್ದಲ ಮಾಡದೆ ಮಲಗಿರುತ್ತದೆ. ಹೊರಗೆ ಬೆಕ್ಕೊಂದು ಓಡಿದರೆ ನಿಮ್ಮ ಕರೆ ಅದರ ಕಿವಿಗೆ ಬೀಳುವುದಿಲ್ಲ. ಹಾಗಾಗಿ ಬೇಲಿ ಇಲ್ಲದ ಕಡೆ ಹಗ್ಗ ಬಿಚ್ಚಬೇಡಿ.

ಉಳಿದವು ಬೇಗ ನೋಡೋಣ. ಸ್ಪಿಟ್ಸ್ ಗುಂಪಿನಲ್ಲಿ ಚೂಪು ಮೂತಿ, ನೆಟ್ಟಗಿನ ಕಿವಿ, ಬೆನ್ನ ಮೇಲೆ ಸುರುಳಿ ಬಾಲದ ನಾಯಿಗಳು. ಹಸ್ಕಿ, ಅಕಿಟಾ, ಪೊಮೇರಿಯನ್ ಇಲ್ಲಿವೆ. ಸೈಬೀರಿಯನ್ ಹಸ್ಕಿ ಈಶಾನ್ಯ ಸೈಬೀರಿಯಾದ ಚುಕ್ಚಿ ಜನರ ಜಾರುಬಂಡಿ ನಾಯಿಗಳಿಂದ ಬಂದದ್ದು, ಮೈಲಿಗಟ್ಟಲೆ ಎಳೆಯುವುದೇ ಅದರ ಕೆಲಸ. ಒಡನಾಟದ ನಾಯಿಗಳ ಗುಂಪಿನಲ್ಲಿ ಪಗ್, ಚಿವಾವಾ, ಲಾಸಾ ಆಪ್ಸೊ. ಲಾಸಾ ಚಿಕ್ಕದಾದರೂ ಟಿಬೆಟ್ಟಿನ ಮಠಗಳ ಒಳಗೆ ಕಾವಲಿಗಿದ್ದ ನಾಯಿ. ಕರೆಗಂಟೆಗಿಂತ ಮೊದಲು ಅದು ಬೊಗಳುತ್ತದೆ.

ಈಗ ನೋಟ್‌ಬುಕ್ ತೆಗೆಯಿರಿ. ನಿಮಗೆ ಇಷ್ಟವಾದ ಪ್ರತಿ ತಳಿಯ ಹೆಸರಿನ ಮುಂದೆ ಅದರ ಕೆಲಸವನ್ನು ಒಂದೇ ಸಾಲಲ್ಲಿ ಬರೆಯಿರಿ. ಆಮೇಲೆ ಕೇಳಿಕೊಳ್ಳಿ: ಈ ಕೆಲಸದ ಬದಲಿಗೆ ನಾನು ದಿನಾ ಏನು ಕೊಡಬಲ್ಲೆ? ಉತ್ತರ ಹೊಳೆಯದಿದ್ದರೆ ಆ ಹೆಸರು ಹೊಡೆದುಹಾಕಿ.

ಹಂತ 3: ಹೆಸರು ನಂಬಿ ಮೋಸ ಹೋಗಬೇಡಿ

ಗ್ರೇಟ್ ಡೇನ್ ಡೆನ್ಮಾರ್ಕಿನದ್ದಲ್ಲ, ಜರ್ಮನಿಯದ್ದು. ಆಸ್ಟ್ರೇಲಿಯನ್ ಶೆಫರ್ಡ್ ಬೆಳೆದದ್ದು ಅಮೆರಿಕದಲ್ಲಿ. ಟಿಬೆಟನ್ ಟೆರಿಯರ್ ಬಿಲಕ್ಕೆ ನುಗ್ಗುವ ನಾಯಿಯಲ್ಲ, ಟೆರಿಯರ್ ಗುಂಪಿನಲ್ಲೂ ಇಲ್ಲ. ನಮ್ಮ ಹಳಬರು ಅಲ್ಸೇಷಿಯನ್ ಎನ್ನುತ್ತಿದ್ದದ್ದು ಜರ್ಮನ್ ಶೆಫರ್ಡನ್ನೇ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿ ಎನ್ನುವ ಹೆಸರೇ ಬೇಡವಾಗಿ ಬ್ರಿಟಿಷರು ಇಟ್ಟ ಹೆಸರು ಅದು.

ನಮ್ಮಲ್ಲಿ ಜಾಸ್ತಿ ಗೊಂದಲ ಆಗುವುದು ಪೊಮೇರಿಯನ್ ವಿಷಯದಲ್ಲಿ. ಊರೂರಲ್ಲಿ "ಪಾಮ್" ಎಂದು ಕರೆಯುವ ಬಿಳಿ ನಾಯಿ ಹೆಚ್ಚಿನ ಸಲ ಇಂಡಿಯನ್ ಸ್ಪಿಟ್ಸ್. ಪುಸ್ತಕದ ಪೊಮೇರಿಯನ್ ಅದಕ್ಕಿಂತ ತುಂಬ ಚಿಕ್ಕದು, ಎರಡು ಮೂರು ಕೆಜಿ ಅಷ್ಟೇ, ಮುಖವೂ ದುಂಡಗೆ. ಇಂಡಿಯನ್ ಸ್ಪಿಟ್ಸ್ ಸಲೀಸಾಗಿ ಅದರ ಎರಡು ಮೂರು ಪಟ್ಟು ತೂಗುತ್ತದೆ. ಇಂಡಿಯನ್ ಸ್ಪಿಟ್ಸ್ ಒಳ್ಳೆಯ, ಚುರುಕಾದ, ನಮ್ಮ ಹವೆಗೆ ಒಗ್ಗಿದ ನಾಯಿ. ಅದನ್ನು ಪೊಮೇರಿಯನ್ ಬೆಲೆಗೆ ಮಾರುವುದು ಮಾತ್ರ ತಪ್ಪು. ನಾನೂ ಮೊದಲ ಸಲ ಹೀಗೇ ಕೊಂಡಿದ್ದೆ. ಅಂದು ಪುಸ್ತಕದಲ್ಲಿ ತೂಕದ ಸಾಲು ಓದಿದ್ದರೆ ಗೊತ್ತಾಗುತ್ತಿತ್ತು.

ಎಚ್ಚರ: "ಟೀಕಪ್" ಎಂಬ ತಳಿ ಈ ಯಾವ ಕ್ಲಬ್‌ನ ಪಟ್ಟಿಯಲ್ಲೂ ಇಲ್ಲ. ಅತಿ ಚಿಕ್ಕ ಮರಿಗೆ ಅಂಟಿಸಿದ ಮಾರಾಟದ ಹೆಸರು ಅದು. ಅಷ್ಟು ಚಿಕ್ಕದಾಗಿ ಹುಟ್ಟಿದ ಮರಿಗಳಿಗೆ ಎಲುಬು ಮುರಿಯುವುದು, ರಕ್ತದ ಸಕ್ಕರೆ ಇಳಿಯುವುದು ಸುಲಭ. ಲ್ಯಾಬ್ರಡೂಡಲ್‌ನಂಥವು ಎರಡು ತಳಿಗಳ ಬೆರಕೆ. ಅವುಗಳ ರೋಮ, ಗಾತ್ರ ಹೀಗೇ ಬರುತ್ತದೆ ಎಂದು ಯಾರೂ ಭರವಸೆ ಕೊಡಲಾರರು.

ಹಂತ 4: ಅಳತೆಯ ಸಾಲುಗಳನ್ನು ಬಿಡಿಸಿ ಓದಿ

ಪ್ರತಿ ತಳಿಗೂ ಒಂದು ಬರಹದ ಮಾದರಿ ಇರುತ್ತದೆ. ಅದಕ್ಕೆ ಬ್ರೀಡ್ ಸ್ಟ್ಯಾಂಡರ್ಡ್ ಎನ್ನುತ್ತಾರೆ, ತಳಿಯ ಮಾನದಂಡ. ಪುಸ್ತಕದ ವಿವರ ಅದರ ಸಂಕ್ಷೇಪ. ಅದರಲ್ಲಿ ಬರುವ ಪದಗಳು ಕೆಲವು:

ಎತ್ತರ ಎಂದರೆ ತಲೆಯವರೆಗಲ್ಲ, ವಿದರ್ಸ್‌ವರೆಗೆ. ವಿದರ್ಸ್ ಎಂದರೆ ಕತ್ತಿನ ಬುಡದಲ್ಲಿ, ಎರಡು ಭುಜದ ಮೂಳೆಗಳು ಕೂಡುವ ಎತ್ತರದ ಜಾಗ. ಮುಧೋಳ ಗಂಡು ಸುಮಾರು 70 ಸೆ.ಮೀ. ಎಂದರೆ ತಲೆ ಅದಕ್ಕೂ ಮೇಲೆ. ಟೇಪು ಹಿಡಿದು ಗೋಡೆಗೆ ಒಂದು ಗುರುತು ಹಾಕಿ ನೋಡಿ. ಊಟದ ಮೇಜು ಎಷ್ಟು ಎತ್ತರ ಇದೆ ಎನ್ನುವುದೂ ಆಗ ನೆನಪಿಗೆ ಬರುತ್ತದೆ. ಹಳೆಯ ಪುಸ್ತಕದಲ್ಲಿ ಇಂಚು, ಪೌಂಡು ಇದ್ದರೆ, ಒಂದು ಇಂಚು 2.54 ಸೆ.ಮೀ., ಒಂದು ಪೌಂಡು ಸುಮಾರು 450 ಗ್ರಾಂ.

ಡಬಲ್ ಕೋಟ್ ಎಂದರೆ ಎರಡು ಪದರ ರೋಮ. ಮೇಲೆ ಒರಟು ಕೂದಲು, ಒಳಗೆ ಹತ್ತಿಯಂಥ ಮೆತ್ತನೆ ಪದರ. ಲ್ಯಾಬ್, ಶೆಫರ್ಡ್, ಹಸ್ಕಿ, ಸ್ಪಿಟ್ಸ್ ಎಲ್ಲಕ್ಕೂ ಇದೆ. ವರ್ಷಕ್ಕೆ ಒಂದೆರಡು ಸಲ ಒಳಪದರ ಕಂತೆ ಕಂತೆಯಾಗಿ ಉದುರುತ್ತದೆ. ಬೇಸಿಗೆ ಬಂತೆಂದು ಇದನ್ನು ಬೋಳಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೋಳಿಸಿದ ಚರ್ಮಕ್ಕೆ ಬಿಸಿಲು ನೇರ ತಾಗುತ್ತದೆ, ರೋಮ ಮೊದಲಿನಂತೆ ಬಾರದಿರಬಹುದು. ಬಾಚಿ ಸತ್ತ ಕೂದಲು ತೆಗೆಯಿರಿ, ಅಷ್ಟು ಸಾಕು.

ಬ್ರಿಂಡಲ್ ಎಂದರೆ ಹುಲಿಪಟ್ಟೆಯಂಥ ಗೆರೆ. ಮರ್ಲ್ ಎಂದರೆ ತಿಳಿ ಬಣ್ಣದ ಮೇಲೆ ಕಡು ಬಣ್ಣ ಚೆಲ್ಲಿದಂಥ ಮಚ್ಚೆ. ಮರ್ಲ್ ನೋಡಲು ಚೆಂದ. ಆದರೆ ಎರಡು ಮರ್ಲ್ ನಾಯಿಗಳನ್ನು ಕೂಡಿಸಿದರೆ ಕೆಲವು ಮರಿಗಳು ಕಿವುಡಾಗಿಯೋ ಕುರುಡಾಗಿಯೋ ಹುಟ್ಟುತ್ತವೆ. "ಅಪರೂಪದ ಬಣ್ಣ, ಅದಕ್ಕೇ ಬೆಲೆ ಜಾಸ್ತಿ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಬ್ರಾಕಿಸೆಫಾಲಿಕ್ ಎಂಬ ಉದ್ದ ಪದ ಸಿಕ್ಕರೆ ಮೋಟು ಮೂತಿ ಎಂದು ಓದಿಕೊಳ್ಳಿ. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಶಿಹ್ ಟ್ಸು ಇಂಥವು.

ಆಯುಸ್ಸಿನ ಸಾಲನ್ನು ಜನ ಹಾರಿಸಿಬಿಡುತ್ತಾರೆ. ನಾಯಿಗಳಲ್ಲಿ ಮೈ ದೊಡ್ಡದಾದಷ್ಟು ಬಾಳು ಚಿಕ್ಕದು. ಗ್ರೇಟ್ ಡೇನ್ 7ರಿಂದ 10 ವರ್ಷ ಬದುಕಿದರೆ ಹೆಚ್ಚು. ಚಿವಾವಾ 14 ವರ್ಷ ದಾಟುವುದು ಮಾಮೂಲು. ಮಗು ಎರಡನೇ ಕ್ಲಾಸಿನಲ್ಲಿದ್ದಾಗ ತಂದ ಗ್ರೇಟ್ ಡೇನ್, ಆ ಮಗು ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ಇರುವುದಿಲ್ಲ. ಇದನ್ನು ಮನೆಯವರೆಲ್ಲ ಕೂತು ಮಾತಾಡಿಯೇ ತೀರ್ಮಾನಿಸಿ.

ಹಂತ 5: ಈಗ ಚಿತ್ರ ನೋಡಿ

ಪುಸ್ತಕದಲ್ಲಿರುವುದು ಸಾಮಾನ್ಯವಾಗಿ ಪ್ರದರ್ಶನದ ನಾಯಿ. ಬೆಳೆದು ನಿಂತದ್ದು, ಗಂಟೆಗಟ್ಟಲೆ ಬಾಚಿಸಿಕೊಂಡದ್ದು. ನೆಲ ಮುಟ್ಟುವ ರೋಮದ ಲಾಸಾ ಅಥವಾ ಯಾರ್ಕ್‌ಷೈರ್ ಟೆರಿಯರ್ ಹಾಗೆ ಕಾಣಬೇಕಾದರೆ ದಿನಾ ಬಾಚಬೇಕು. ಹೆಚ್ಚಿನ ಮನೆಗಳಲ್ಲಿ ರೋಮ ಗಿಡ್ಡ ಮಾಡಿಸಿಯೇ ಸಾಕುತ್ತಾರೆ, ಅದರಲ್ಲಿ ತಪ್ಪಿಲ್ಲ.

ಮರಿಯನ್ನು ಈ ಚಿತ್ರಕ್ಕೆ ಹೋಲಿಸಿ ನೋಡಬೇಡಿ. ಡಾಲ್ಮೇಷಿಯನ್ ಹುಟ್ಟುವಾಗ ಬಿಳಿ, ಚುಕ್ಕಿ ಎರಡು ವಾರದ ಮೇಲೆ ಮೂಡುತ್ತದೆ. ಯಾರ್ಕ್‌ಷೈರ್ ಟೆರಿಯರ್ ಕಪ್ಪಾಗಿ ಹುಟ್ಟಿ ಆಮೇಲೆ ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಜರ್ಮನ್ ಶೆಫರ್ಡ್ ಮರಿಯ ಕಿವಿ ಜೋತಿರುತ್ತದೆ, ನೆಟ್ಟಗಾಗಲು ತಿಂಗಳುಗಳು ಬೇಕು. ಕಿವಿ ಜೋತಿದೆ ಎಂದು "ತಳಿ ಶುದ್ಧವಿಲ್ಲ" ಎನ್ನಬೇಡಿ.

ಹಳೆಯ ಪುಸ್ತಕವಾದರೆ ಡಾಬರ್‌ಮನ್, ಬಾಕ್ಸರ್, ಗ್ರೇಟ್ ಡೇನ್‌ಗಳ ಕಿವಿ ಚೂಪಾಗಿ ನಿಂತಿರುವುದು ಕಾಣುತ್ತದೆ. ಅವು ಹಾಗೆ ಹುಟ್ಟಿದ್ದಲ್ಲ. ಮರಿಯಲ್ಲಿ ಕತ್ತರಿಸಿ, ಪಟ್ಟಿ ಕಟ್ಟಿ ನಿಲ್ಲಿಸಿದ್ದು. ಡಾಬರ್‌ಮನ್ನಿನ ಮೋಟು ಬಾಲವೂ ಕತ್ತರಿಸಿದ್ದೇ. ಬ್ರಿಟನ್ನಿನಲ್ಲಿ ಕಿವಿ ಕತ್ತರಿಸುವುದು ನಿಷಿದ್ಧ. ಅಂದಕ್ಕಾಗಿ ಮರಿಗೆ ನೋವು ಕೊಡುವುದನ್ನು ನಾನು ಒಪ್ಪುವುದಿಲ್ಲ. ಜೋತುಬಿದ್ದ ಕಿವಿಯ ಡಾಬರ್‌ಮನ್ ಅಷ್ಟೇ ಚುರುಕು, ಅಷ್ಟೇ ಚೆಂದ.

ಮುಧೋಳದ ಚಿತ್ರ ನೋಡಿ "ಪಾಪ, ಊಟ ಹಾಕಿಲ್ಲ" ಎನ್ನುವವರು ಬಹಳ. ಸೈಟ್‌ಹೌಂಡ್‌ನ ಮೈಕಟ್ಟೇ ಹಾಗೆ. ಆಳವಾದ ಎದೆ, ಒಳಕ್ಕೆ ಎಳೆದ ಹೊಟ್ಟೆ, ಕೊನೆಯ ಕೆಲವು ಪಕ್ಕೆಲುಬು ತುಸು ಕಾಣುವುದು ಆರೋಗ್ಯದ ಲಕ್ಷಣ. ಅನ್ನ ಹಾಕಿ ಹಾಕಿ ದಪ್ಪ ಮಾಡಿದರೆ ಅದರ ಕೀಲುಗಳಿಗೇ ಹೊರೆ.

"ಈ ಫೋಟೊದಲ್ಲಿರುವ ನಾಯಿ ಯಾವ ತಳಿ?" ಎಂದು ಕೇಳುವವರಿಗೂ ಇಲ್ಲೇ ಉತ್ತರ ಹೇಳುತ್ತೇನೆ. ನಮ್ಮ ಬೀದಿಗಳ ನಾಯಿಗೆ ಈ ಪುಸ್ತಕದಲ್ಲಿ ಜೋಡಿ ಹುಡುಕಬೇಡಿ. ಬೆರಕೆ ನಾಯಿಯ ತಳಿಯನ್ನು ಬರೀ ನೋಡಿ ಹೇಳುವುದರಲ್ಲಿ ಪಳಗಿದವರೂ ಎಡವುತ್ತಾರೆ. ಇನ್ನು ನಮ್ಮ ಊರ ನಾಡ ನಾಯಿ ಯಾವುದರ ಬೆರಕೆಯೂ ಆಗಿರಬೇಕಿಲ್ಲ. ಮನುಷ್ಯ ತಳಿ ಮಾಡುವ ಮೊದಲಿನಿಂದ ಈ ನೆಲದಲ್ಲಿ ತಾನಾಗಿ ಬೆಳೆದು ಬಂದ ನಾಯಿ ಅದು. ಅದನ್ನು "ಕಂತ್ರಿ" ಎಂದು ತಳ್ಳುವ ಮಾತು ಕೇಳಿದಾಗೆಲ್ಲ ನನಗೆ ನೋವಾಗುತ್ತದೆ. ನಮ್ಮ ಬಿಸಿಲಿಗೆ, ನಮ್ಮ ಊಟಕ್ಕೆ ಅದರಷ್ಟು ಹೊಂದುವ ನಾಯಿ ಇನ್ನೊಂದಿಲ್ಲ. ಪಟ್ಟಿಯಲ್ಲಿ ಅದರ ಹೆಸರನ್ನೂ ಬರೆದುಕೊಳ್ಳಿ.

ಹಂತ 6: ಸ್ವಭಾವದ ಸಾಲನ್ನು ಅರ್ಧ ನಂಬಿ

"ನಿಷ್ಠೆಯುಳ್ಳದ್ದು, ಬುದ್ಧಿವಂತ, ಮಕ್ಕಳಿಗೆ ಒಳ್ಳೆಯದು" ಎಂದು ಹೆಚ್ಚುಕಡಿಮೆ ಎಲ್ಲ ತಳಿಗಳ ಕೆಳಗೂ ಇರುತ್ತದೆ. 2022ರಲ್ಲಿ ಅಮೆರಿಕದ ವಿಜ್ಞಾನಿಗಳು 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಅವುಗಳ ಮಾಲೀಕರಿಂದ ವಿವರ ಪಡೆದು, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಎಂದು ಅದರಲ್ಲಿ ಕಂಡಿತು. ಹೇಳಿದ ಮಾತು ಕೇಳುವ ಗುಣದಲ್ಲಿ ತಳಿಯ ಪ್ರಭಾವ ತುಸು ಜಾಸ್ತಿ. ಹೆದರಿದಾಗ ಎಷ್ಟು ಬೇಗ ಕೆರಳುತ್ತದೆ ಎನ್ನುವುದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಹಂತ 2 ಸುಮ್ನೆ ಓದಿದ ಹಾಗಾಯಿತೇ? ಇಲ್ಲ. ಮೈಕಟ್ಟು, ರೋಮ, ಎಷ್ಟು ಓಡಾಟ ಬೇಕು, ಯಾವ ಚಟುವಟಿಕೆಯಲ್ಲಿ ಖುಷಿ ಎನ್ನುವುದಕ್ಕೆ ತಳಿಯ ಕೆಲಸ ಒಳ್ಳೆಯ ದಿಕ್ಸೂಚಿ. ಈ ಒಂದು ನಾಯಿ ನಿಮ್ಮ ಮಗುವಿನ ಜೊತೆ ಹೇಗಿರುತ್ತದೆ ಎನ್ನುವುದನ್ನು ಮಾತ್ರ ಆ ನಾಯಿಯನ್ನೇ ನೋಡಿ ತಿಳಿಯಬೇಕು. ಲ್ಯಾಬ್ ಅಂದಮಾತ್ರಕ್ಕೆ ಚಿಕ್ಕ ಮಗುವಿನ ಜೊತೆ ಒಂಟಿಯಾಗಿ ಬಿಡಬೇಡಿ. ಯಾವ ತಳಿಯನ್ನೂ ಹಾಗೆ ಬಿಡಬಾರದು.

ಹಂತ 7: ಹವೆ ಮತ್ತು ಆರೋಗ್ಯದ ಲೆಕ್ಕ ಹಾಕಿ

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟು, ಬಾಯಿ ಮೂಗಿನ ತೇವ ಆರಿಸಿ ಮೈ ತಂಪು ಮಾಡಿಕೊಳ್ಳುತ್ತದೆ. ಮೋಟು ಮೂತಿಯ ನಾಯಿಗೆ ಈ ಜಾಗವೇ ಕಡಿಮೆ, ಉಸಿರ ದಾರಿಯೂ ಇಕ್ಕಟ್ಟು. ಮಂಗಳೂರು, ಕಾರವಾರದಂಥ ಕಡೆ ಗಾಳಿಯೇ ತೇವವಾಗಿರುವುದರಿಂದ ಆರುವುದು ಇನ್ನೂ ನಿಧಾನ. ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ನಾಯಿಯ ಮೈ ಬಿಸಿ ಸುಮಾರು 38.5. ದಪ್ಪ ರೋಮದ ಹಸ್ಕಿಗೂ ಮೋಟು ಮೂತಿಯ ಪಗ್‌ಗೂ ಅದು ಪ್ರಾಣದ ಪ್ರಶ್ನೆ. ಹಚ್ ಮೊಬೈಲ್ ಕಂಪನಿಯ 2003ರ ಪಗ್ ಜಾಹೀರಾತು ಬಂದ ಮೇಲೆ ನಮ್ಮಲ್ಲಿ ಪಗ್ ಕೊಂಡವರು ಅಷ್ಟಿಷ್ಟಲ್ಲ. ಗೊರಕೆ ಹೊಡೆಯುತ್ತದೆ, ಮುದ್ದಾಗಿದೆ ಎಂದುಕೊಂಡರು. ಎಷ್ಟೋ ಪಗ್‌ಗಳಲ್ಲಿ ಆ ಗೊರಕೆ ಉಸಿರಾಟದ ತೊಂದರೆಯ ಸದ್ದು. ಹಗಲಿಡೀ ತಂಪು ಜಾಗ ಕೊಡಲು ಆಗದಿದ್ದರೆ ಈ ತಳಿಗಳನ್ನು ಬಿಟ್ಟುಬಿಡಿ.

ಪುಸ್ತಕಗಳು ರೋಗದ ಬಗ್ಗೆ ಚುಟುಕಾಗಿ ಬರೆಯುತ್ತವೆ. ನೀವು ಆರಿಸಿದ ಎರಡು ಮೂರು ತಳಿಗಳ ಹೆಸರು ಹಿಡಿದು ಪಶುವೈದ್ಯರ ಹತ್ತಿರ ಹೋಗಿ. ಶೆಫರ್ಡ್, ಲ್ಯಾಬ್‌ಗಳಲ್ಲಿ ಹಿಪ್ ಡಿಸ್‌ಪ್ಲೇಸಿಯಾ, ಅಂದರೆ ಸೊಂಟದ ಕೀಲು ಸರಿಯಾಗಿ ಕೂರದಿರುವುದು, ಸಾಮಾನ್ಯ. ತಂದೆ ತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ಮಾಡಿಸಿದ್ದಾರಾ ಎಂದು ಕೇಳಬೇಕು. ಡ್ಯಾಶ್‌ಹೌಂಡ್‌ಗೆ ಬೆನ್ನುಹುರಿಯ ಡಿಸ್ಕ್ ಜಾರುವ ತೊಂದರೆ. ಮೆಟ್ಟಿಲು, ಸೋಫಾದಿಂದ ಜಿಗಿಯಲು ಬಿಡಬಾರದು. ಡಾಬರ್‌ಮನ್‌ಗೆ ಹೃದಯದ ಸ್ನಾಯು ಸೊರಗುವ ಕಾಯಿಲೆ. ಲ್ಯಾಬ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹಸಿವು ಜಾಸ್ತಿ ಮಾಡುವ ಜೀನ್ ಬದಲಾವಣೆ ಇದೆ ಎಂದು 2016ರಲ್ಲಿ ಪತ್ತೆಯಾಯಿತು. ಕಣ್ಣು ಕಣ್ಣು ನೋಡಿತೆಂದು ತಿಂಡಿ ಹಾಕಬೇಡಿ, ಅಳೆದು ಹಾಕಿ. ಮುಧೋಳದಂಥ ಸೈಟ್‌ಹೌಂಡ್‌ಗಳ ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಅರಿವಳಿಕೆ ಮದ್ದುಗಳು ಅವಕ್ಕೆ ಒಗ್ಗುವುದಿಲ್ಲ. ಆಪರೇಷನ್ನಿಗೆ ಮೊದಲು ವೈದ್ಯರಿಗೆ ನೆನಪಿಸಿ. ರಕ್ತ ಹೀರುವ ಉಣ್ಣಿಯಿಂದ ಬರುವ ಜ್ವರ ಮಾತ್ರ ಯಾವ ತಳಿಯನ್ನೂ ಬಿಡುವುದಿಲ್ಲ, ಜರ್ಮನ್ ಶೆಫರ್ಡ್‌ಗೆ ಇನ್ನೂ ಜೋರು.

ಹಂತ 8: ಪುಸ್ತಕ ಮುಚ್ಚಿ, ನಾಯಿ ನೋಡಲು ಹೋಗಿ

ಪಟ್ಟಿಯಲ್ಲಿ ಉಳಿದ ತಳಿಯ ಬೆಳೆದ ನಾಯಿಯನ್ನು ಮೊದಲು ನೋಡಿ. ಸಾಕಿದವರ ಮನೆಗೆ ಸಂಜೆ ಹೊತ್ತು, ನಾಯಿಗೆ ಹುರುಪು ಇರುವಾಗ ಹೋಗಿ. ಒಂದು ಗಂಟೆ ಕೂತಿದ್ದು ಬನ್ನಿ. ಮನೆಯ ವಾಸನೆ, ಸದ್ದು, ಕೂದಲು ಎಲ್ಲ ಗೊತ್ತಾಗುತ್ತದೆ.

ಮರಿ ಕೊಳ್ಳುವುದಾದರೆ ತಾಯಿ ನಾಯಿಯನ್ನು, ಅದು ಇರುವ ಜಾಗವನ್ನು ತೋರಿಸಲೇಬೇಕು. "ಮರಿಯನ್ನು ಬಸ್ ಸ್ಟ್ಯಾಂಡ್ ಹತ್ತಿರ ತಂದುಕೊಡುತ್ತೇವೆ" ಎಂದರೆ ಬೇಡ ಎನ್ನಿ. 2017ರ ಕೇಂದ್ರದ ನಿಯಮಗಳ ಪ್ರಕಾರ ನಾಯಿ ತಳಿ ಮಾಡಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, 8 ವಾರ ತುಂಬದ ಮರಿಯನ್ನು ಮಾರಬಾರದು. ನೋಂದಣಿ ಪತ್ರ ಕೇಳಿ. ಎಂಟು ವಾರ ಯಾಕೆಂದರೆ, ಎಷ್ಟು ಕಚ್ಚಿದರೆ ನೋವಾಗುತ್ತದೆ ಎನ್ನುವುದನ್ನು ಮರಿ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಾ.

ಕೆನಲ್ ಕ್ಲಬ್‌ನ ಕಾಗದ ಇದೆ ಎಂದರೆ ವಂಶದ ದಾಖಲೆ ಇದೆ ಎಂದಷ್ಟೇ. ಅದು ಆರೋಗ್ಯದ ಖಾತರಿಯಲ್ಲ. ಮರಿಯ ಕುತ್ತಿಗೆ ಹತ್ತಿರ ಚರ್ಮದಡಿ ಇರುವ ಮೈಕ್ರೋಚಿಪ್‌ನ ಸಂಖ್ಯೆ ಕಾಗದದಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ವೈದ್ಯರ ಹತ್ತಿರ ಓದಿಸಿ ನೋಡಿ. ಲಸಿಕೆಯ ಪುಸ್ತಕದಲ್ಲಿ ವೈದ್ಯರ ಸಹಿ ಇರಬೇಕು. ಮರಿಗಳಿಗೆ ವಾಂತಿ ಭೇದಿ ತರುವ ಪಾರ್ವೊ ರೋಗದ ಲಸಿಕೆ 6ರಿಂದ 8 ವಾರಕ್ಕೆ ಶುರು, ರೇಬಿಸ್ ಲಸಿಕೆ ಮೂರು ತಿಂಗಳಿಗೆ.

"ಪಿಟ್‌ಬುಲ್, ರಾಟ್‌ವೈಲರ್ ಸಾಕಬಹುದಾ?" ಎಂದು ಕೇಳುವವರಿಗೆ: ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 23 ತಳಿಗಳನ್ನು ಹೆಸರಿಸಿ ನಿರ್ಬಂಧದ ಸುತ್ತೋಲೆ ಕಳಿಸಿತ್ತು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ಬೇರೆ ಬೇರೆ ನಗರಗಳ ಪಾಲಿಕೆಗಳಿಗೆ ತಮ್ಮದೇ ನಿಯಮ ಇರುತ್ತವೆ. ಕೊಳ್ಳುವ ಮೊದಲು ನಿಮ್ಮ ಪಾಲಿಕೆಯಲ್ಲಿ ವಿಚಾರಿಸಿ. ಇನ್ನು, ಮೊದಲ ಸಲ ನಾಯಿ ಸಾಕುವವರು ಈ ತಳಿಗಳಿಂದ ಶುರು ಮಾಡುವುದು ಬೇಡ. ಪಡೆಗಳಲ್ಲಿ ಕೆಲಸ ಮಾಡುವ ಬೆಲ್ಜಿಯನ್ ಮ್ಯಾಲಿನ್ವಾಗೂ ಇದೇ ಮಾತು. ಅದನ್ನು ದಿನಾ ಗಂಟೆಗಟ್ಟಲೆ ದುಡಿಸುವ ತರಬೇತುದಾರ ಇದ್ದರಷ್ಟೇ ಅದು ನೆಮ್ಮದಿಯಾಗಿರುತ್ತದೆ.

ಮುಧೋಳ ನಾಯಿಯೇ ಬೇಕು, ಎಲ್ಲಿ ಕೇಳಲಿ ಎನ್ನುವವರು ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ಮೊದಲು ವಿಚಾರಿಸಿ. ಇದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿ ನಡೆಯುತ್ತದೆ. 2016ರಲ್ಲಿ ಸೇನೆ ಮೀರತ್‌ನ ತರಬೇತಿ ಕೇಂದ್ರಕ್ಕೆ ಮುಧೋಳದ ಮರಿಗಳನ್ನು ಒಯ್ದಾಗ ಈ ತಳಿಗೆ ದೇಶದಾದ್ಯಂತ ಬೇಡಿಕೆ ಬಂತು. ಮರಿ ಕೇಳುವವರು ಹೆಚ್ಚಾದಷ್ಟು ಬೆರಕೆ ಮರಿ ಮಾರುವವರೂ ಹೆಚ್ಚುತ್ತಾರೆ. ಹೋಗುವಾಗ ನೋಟ್‌ಬುಕ್ ಜೊತೆಗಿರಲಿ. ನಿಮಗೆ ಓಡಿಸಲು ಬೇಲಿ ಇರುವ ಬಯಲು ಇದೆಯಾ, ದಿನಾ ಎಷ್ಟು ಹೊತ್ತು ಕೊಡಬಲ್ಲಿರಿ, ಮನೆಯಲ್ಲಿ ಬೆಕ್ಕು ಕೋಳಿ ಇವೆಯಾ ಎಂದು ಅಲ್ಲಿನವರಿಗೆ ನೀವೇ ಮೊದಲು ಹೇಳಿ. ಆಮೇಲೆ ಮರಿ ಕೇಳಿ.